ಮಲಾಕ್ಕಾದಲ್ಲಿ ನನ್ನ ಮಗಳಿಗೆ ರಂಗಪ್ಪ ತೋರಿಸಿದ ಮನೆ

ಕಾರಮಡೆ ರಂಗನಾಥನನ್ನು ನಂಬಿ ಬದುಕುವ ಎಲ್ಲರಿಗೂ ಸಿರುಮುಗೈಯ ನಾಗಮಣಿಯ ನಮಸ್ಕಾರ.

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಯಜಮಾನರು ತೀರಿಕೊಂಡರು. ಬಾಳೆತೋಟಕ್ಕೆ ನೀರು ಬಿಡಲು ಹೋದವರು ಎದೆ ಹಿಡಿದುಕೊಂಡು ವಾಪಸು ಬಂದು ಜಗಲಿಯ ಮೇಲೆ ಕೂತರು. ಮೆಟ್ಟುಪಾಳ್ಯದ ಆಸ್ಪತ್ರೆಯಲ್ಲಿ ನೋಡಿ, ತಡಮಾಡದೆ ಕೊಯಮತ್ತೂರಿಗೆ ಕರೆದುಕೊಂಡು ಹೋಗಿ ಎಂದರು. ಆಂಬುಲೆನ್ಸು ಕಾರಮಡೆ ದಾಟುವಾಗ ನಾನು ಗುಡಿಯ ದಿಕ್ಕಿಗೆ ತಿರುಗಿ ಕೈಮುಗಿದೆ. ಜೀವಮಾನದಲ್ಲಿ ಯಾವತ್ತೂ ಹಾಗೆ ಬೇಡಿಕೊಂಡಿರಲಿಲ್ಲ. ಪೆರಿಯನಾಯಕನಪಾಳ್ಯ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ನನಗೆ ಅಳುವೂ ಬರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹಲ್ಲು ಕೀಳುವ ಮುಂಚೆ ವಸಡಿಗೆ ಸೂಜಿ ಚುಚ್ಚಿದಾಗ ಆಗುತ್ತದಲ್ಲ, ಹಾಗೆ ಮೈ ಮನಸ್ಸೆಲ್ಲ ಮರಗಟ್ಟಿತು. ಬಂದವರಿಗೆ ಕಾಫಿ ಕೊಟ್ಟೆ, ಹಸುವಿಗೆ ಹುಲ್ಲು ಹಾಕಿದೆ, ಮಗಳ ತಲೆ ಬಾಚಿದೆ. ಮನೆಯ ದೀಪ ಹಚ್ಚುವುದನ್ನೂ ಬಿಡಲಿಲ್ಲ. ಆದರೆ ಕಡ್ಡಿ ಗೀರುವುದಕ್ಕೂ ದೇವರಿಗೂ ಸಂಬಂಧವಿದೆ ಎಂದು ಅನಿಸುತ್ತಿರಲಿಲ್ಲ.

ನನ್ನ ತವರು ತಾಳವಾಡಿ. ಅಲ್ಲಿ ಕನ್ನಡ ಶಾಲೆಯಲ್ಲಿ ಓದಿದ್ದರಿಂದ ಇದನ್ನು ಬರೆಯಲು ಸಾಧ್ಯವಾಗಿದೆ. ಮದುವೆಯಾಗಿ ಬಂದ ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡವೇ ಆದರೂ ಓದಲು ಬರುವುದು ತಮಿಳು ಮಾತ್ರ. ನಮಗೆ ಒಬ್ಬಳೇ ಮಗಳು, ತುಳಸಿ. ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಅಪ್ಪನನ್ನು ಕರೆಯಬೇಕಾದರೆ ಮೀಸೆ ತಿರುವುತ್ತಿದ್ದಳು, ನನ್ನನ್ನು ಕರೆಯಬೇಕಾದರೆ ಮೂಗುಬೊಟ್ಟಿನ ಜಾಗ ಮುಟ್ಟಿಕೊಳ್ಳುತ್ತಾಳೆ. ಕೊಯಮತ್ತೂರಿನ ಕಾಲೇಜಿನಲ್ಲಿ ಓದುತ್ತಾಳೆ. ಅಪ್ಪನ ಹಾಗೆ ಗಟ್ಟಿ ತೋಳು, ಗುಂಡು ಎಸೆತದಲ್ಲಿ ಅವಳ ಕೈ ಮೇಲು.

ಮಳೆಗಾಲದ ಹೊತ್ತಿಗೆ, ಮಲೇಶಿಯಾದ ಮಲಾಕ್ಕಾ ಎಂಬ ಊರಿನಲ್ಲಿ ಕಿವಿ ಕೇಳದ ಹುಡುಗ ಹುಡುಗಿಯರ ಆಟೋಟವಿದೆ, ತುಳಸಿಯನ್ನು ಆರಿಸಿದ್ದಾರೆ ಎಂದು ಅವಳಿಗೆ ಆಟ ಕಲಿಸುವ ಕೋಚ್ ಸಾರ್ ಹೇಳಿದರು. ಅವಳು ಅದುವರೆಗೆ ಚೆನ್ನೈಗೂ ಒಬ್ಬಳೇ ಹೋದವಳಲ್ಲ. ಯಜಮಾನರು ಇದ್ದಿದ್ದರೆ ಜೊತೆಗೆ ಹೊರಟುಬಿಡುತ್ತಿದ್ದರು. ಅವಳಿಗೆ ಪಾಸ್‌ಪೋರ್ಟ್ ಮಾಡಿಸಿಟ್ಟವರೂ ಅವರೇ. ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ, ಹೋಗು ಎನ್ನುವ ಸಂತೋಷವೂ ಇರಲಿಲ್ಲ. ಹೂಂ ಎಂದು ತಲೆಯಾಡಿಸಿದೆ.

ಅಲ್ಲಿಂದ ಎರಡು ತಿಂಗಳು ಅದೇ ಕೆಲಸ. ಅವಳು ಎಲ್ಲಿ ಮಲಗುತ್ತಾಳೆ, ಯಾವುದರಲ್ಲಿ ಹೋಗುತ್ತಾಳೆ ಎಂಬುದನ್ನು ಅಕ್ಕಿ ಆರಿಸಿದ ಹಾಗೆ ಒಂದೊಂದಾಗಿ ನೋಡಿದೆ. ಲಾಡ್ಜಿನಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಇವಳಿಗೆ ಕೇಳದು, ಬೆಂಕಿಯ ಗಂಟೆ ಹೊಡೆದರೂ ಕೇಳದು. ಆದ್ದರಿಂದ ಚೆನ್ನೈಯಿಂದ ಬರುವ ಇಬ್ಬರು ಹುಡುಗಿಯರ ಕೋಣೆಯಲ್ಲೇ, ನೆಲ ಅಂತಸ್ತಿನ ಮೇಲಿನ ಮೊದಲ ಮಹಡಿಯಲ್ಲಿ ಜಾಗ ಬೇಕೆಂದು ಕೇಳಿಸಿದೆ. ಬಸ್ಸಿನಲ್ಲಿ ಊರು ಬಂತೆಂದು ಕೂಗಿದರೆ ತಿಳಿಯದು, ಹಾಗಾಗಿ ಡ್ರೈವರ್ ಹಿಂದಿನ ಸೀಟು. ಕುತ್ತಿಗೆಗೆ ಒಂದು ಕಾರ್ಡು ಹಾಕಿ, ನನಗೆ ಕಿವಿ ಕೇಳಿಸದು, ಬರೆದು ತೋರಿಸಿ ಎಂದು ಇಂಗ್ಲಿಷಿನಲ್ಲೂ ಅಲ್ಲಿಯ ಭಾಷೆಯಲ್ಲೂ ಬರೆಸಿ, ಕೆಳಗೆ ಲಾಡ್ಜಿನ ವಿಳಾಸ, ನನ್ನ ಫೋನ್ ನಂಬರು. ಅವರೆಲ್ಲ ಚೆನ್ನೈಯಿಂದ ಹೊರಡುವ ವಿಮಾನದಲ್ಲಿ ಸೀಟು ಸಿಗದೆ ಇವಳಿಗೆ ತಿರುಚ್ಚಿಯಿಂದ ಟಿಕೆಟ್ಟಾಯಿತು. ಕೋಚ್ ಸಾರ್ ಮತ್ತು ಹುಡುಗಿಯರು ಮುಂಚೆಯೇ ಕೌಲಾಲಂಪುರದಲ್ಲಿ ಇಳಿದು ಇವಳಿಗಾಗಿ ಕಾಯುವುದು, ಅಲ್ಲಿಂದ ಎಲ್ಲರೂ ಕೂಡಿ ಮಲಾಕ್ಕಾಗೆ ಬಸ್ಸು ಹಿಡಿಯುವುದು ಎಂದು ಮಾತಾಯಿತು. ಅಕಸ್ಮಾತ್ ಯಾರೂ ಕಾಣದಿದ್ದರೆ ಕರೆದವರ ಹಿಂದೆ ಹೋಗಬೇಡ, ವಿಮಾನ ನಿಲ್ದಾಣದ ಕೆಳಗಿನ ಅಂತಸ್ತಿಗೆ ಇಳಿದು ಮಲಾಕ್ಕಾ ಬಸ್ಸಿನಲ್ಲಿ ಕೂತು ಲಾಡ್ಜಿಗೆ ಹೋಗು ಎಂದು ನಾನು ಅವಳಿಗೆ ಕೈಸನ್ನೆಯಲ್ಲಿ ಮತ್ತೆ ಮತ್ತೆ ಹೇಳಿಕೊಟ್ಟೆ.

ಊರಿನವರು, ನಾಗಮಣಿಗೆ ಎಂಥ ಧೈರ್ಯ ಎಂದು ಹೊಗಳಿದರು. ಅದು ಧೈರ್ಯವಲ್ಲ. ಭಯಪಡುವ ಜಾಗದಲ್ಲಿ ಏನೂ ಉಳಿದಿರಲಿಲ್ಲ ಅಷ್ಟೆ.

ದೀಪಾವಳಿ ಕಳೆದ ಮೇಲೆ ಹೊರಟೆವು. ಸಿಂಗಾನಲ್ಲೂರಿನಲ್ಲಿ ತಿರುಚ್ಚಿ ಬಸ್ಸು ಹತ್ತಿದೆವು. ನನ್ನ ಮೈದುನ ರಂಗಸಾಮಿ ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದಾನೆ. ಅವನು ಪಲ್ಲಡದಲ್ಲಿ ಬಂದು ಸೇರಿಕೊಂಡ. ಮರುದಿನ ಬೆಳಿಗ್ಗೆ ವಿಮಾನ ನಿಲ್ದಾಣದ ಬಾಗಿಲಲ್ಲಿ ತುಳಸಿ ನನ್ನ ಕಾಲು ಮುಟ್ಟಿ, ಮೂಗು ಮುಟ್ಟಿಕೊಂಡು, ಗಾಜಿನಾಚೆ ಹೋದಳು. ರಂಗಸಾಮಿ ಕಣ್ಣೊರೆಸಿಕೊಂಡ. ನಾನು ಅವಳ ಚೀಲದ ಜಿಪ್ಪು ಸರಿಯಾಗಿ ಹಾಕಿದೆಯೇ ಎಂದು ನೋಡುತ್ತಿದ್ದೆ.

ವಾಪಸು ಬರುವ ಬಸ್ಸು ತಿರುಚ್ಚಿ ಬಿಡುವಾಗ ಕೋಚ್ ಸಾರ್ ಅವರಿಂದ ರಂಗಸಾಮಿಯ ಫೋನಿಗೆ ಸಂದೇಶ ಬಂತು. ಚೆನ್ನೈಯಲ್ಲಿ ಜೋರು ಮಳೆ, ವಿಮಾನ ಹೊರಡಲಿಲ್ಲ, ಇನ್ನು ನಾಳೆಯೇ, ತುಳಸಿಯನ್ನು ಹತ್ತಿಸಬೇಡಿ ಎಂದಿತ್ತು. ಅಷ್ಟು ಹೊತ್ತಿಗೆ ಅವಳ ವಿಮಾನ ಮೇಲೇರಿತ್ತು.

ರಂಗಸಾಮಿ ವಿಮಾನದ ಕಂಪನಿಗೆ ಫೋನ್ ಮಾಡಿದ. ಅಲ್ಲಿಯವರಿಗೆ ತಿಳಿಸುತ್ತೇವೆ ಎಂದರಂತೆ, ತಿಳಿಸಿದರೋ ಇಲ್ಲವೋ ಗೊತ್ತಿಲ್ಲ. ನಾನು ಕಿಟಕಿಯಾಚೆ ನೋಡುತ್ತಾ ಕೂತಿದ್ದೆ. ಕರೂರು ಬಂತು, ಕಾಂಗೇಯ ಬಂತು. ಅವಳು ಇಳಿಯುವ ಹೊತ್ತು ಆಯಿತು. ನಾವು ಕಳಿಸಿದ ಸಂದೇಶಗಳ ಮುಂದೆ ಒಂದೇ ಗೀಟು, ಅವಳಿಗೆ ತಲುಪಿಲ್ಲ ಎಂದು. ಕಿವಿ ಕೇಳುವ ಮಕ್ಕಳಾದರೆ ಯಾರದೋ ಫೋನು ಬೇಡಿ ಎರಡು ಮಾತಾಡುತ್ತಾರೆ. ನನ್ನ ಮಗಳಿಗೆ ಅವಳ ಫೋನಿನ ಪರದೆಯೇ ಬಾಯಿ, ಅದೇ ಕಿವಿ. ಅದು ಅಲ್ಲಿ ಜೀವ ಹಿಡಿಯಲಿಲ್ಲ ಎಂದರೆ ಅವಳು ಯಾರಿಗೂ ಇಲ್ಲ.

"ಅತ್ಗೆ, ಒಂದ್ ಮಾತಾದ್ರೂ ಆಡಿ. ನೀವ್ ಹಿಂಗ್ ಕೂತಿದ್ರೆ ನಂಗ್ ಇನ್ನೂ ಭಯ ಆಯ್ತದೆ," ಎಂದ ರಂಗಸಾಮಿ.

ಪಲ್ಲಡದಲ್ಲಿ ಇಳಿಯಬೇಕಾದವನು ಇಳಿಯಲಿಲ್ಲ, ನನ್ನ ಜೊತೆಗೇ ಬಂದ.

ಸಿಂಗಾನಲ್ಲೂರು ಹತ್ತಿರವಾದಾಗ ನನ್ನ ಫೋನಿಗೆ ಹೊರದೇಶದ ನಂಬರಿನಿಂದ ಕರೆ ಬಂತು. ಅದು ತುಳಸಿಯದಲ್ಲ. ಗುರುತಿಲ್ಲದ ಹೊರದೇಶದ ಕರೆ ಎತ್ತಬೇಡಿ, ಮೋಸ ಹೋಗುತ್ತೀರಿ ಎಂದು ಯಾರಿಗೆ ಫೋನ್ ಮಾಡಿದರೂ ಮೊದಲು ಬರುವ ಆ ಎಚ್ಚರಿಕೆ ಕೇಳಿ ಕೇಳಿ ನನ್ನ ತಲೆಯಲ್ಲಿ ಕೂತಿತ್ತು. ರಂಗಸಾಮಿ ಆಗ ಮುಂದಿನ ಬಾಗಿಲ ಹತ್ತಿರ ನಿಂತು ಕೋಚ್ ಸಾರ್ ಜೊತೆ ಮಾತಾಡುತ್ತಿದ್ದ. ನಾನು ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಆಗಲೂ ಎತ್ತಲಿಲ್ಲ, ಅವನಿಗೆ ಹೇಳಲೂ ಇಲ್ಲ. ಮಗಳು ಕಾಣದೆ ಹೋದ ತಾಯಿ ಯಾವ ಕರೆಯನ್ನಾದರೂ ಹಾರಿ ಎತ್ತಬೇಕಲ್ಲವೇ? ನಾನಿದ್ದ ಸ್ಥಿತಿ ಅಂಥದ್ದು.

ಗಾಂಧಿಪುರದಿಂದ ಮೆಟ್ಟುಪಾಳ್ಯದ ಬಸ್ಸು ಹಿಡಿದೆವು. ಕಾರಮಡೆ ಬರುವ ಹೊತ್ತಿಗೆ ರಂಗಸಾಮಿಗೆ ಮಲಾಕ್ಕಾದ ಲಾಡ್ಜಿನವರು ಸಿಕ್ಕಿದರು. ಅವನಿಗೆ ಬರುವ ಇಂಗ್ಲಿಷಿನಲ್ಲಿ ಕೇಳಿದ. ಫೋನ್ ಇಟ್ಟು ನನ್ನ ಮುಖ ನೋಡಲಿಲ್ಲ.

"ಬಂದಿದ್ಳಂತೆ. ಕೋಣೆ ಕೋಚ್ ಹೆಸ್ರಲ್ಲಿ ಅದೆ, ಅವ್ರಿಲ್ದೆ ಕೊಡಕಾಗಲ್ಲ ಅಂದ್ರಂತೆ. ಹೋದ್ಳಂತೆ."

"ಎಲ್ಲಿಗೆ?"

"ಗೊತ್ತಿಲ್ಲಂತೆ ಅತ್ಗೆ."

ನಾನು ಎದ್ದು ಇಳಿದೆ. ಭಕ್ತಿ ಬಂದು ಇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಕೂತಿರಲು ಆಗಲಿಲ್ಲ, ಕಾಲು ಇಳಿಯಿತು. ರಂಗಸಾಮಿ ಚೀಲ ಹಿಡಿದುಕೊಂಡು ಹಿಂದೆ ಓಡಿ ಬಂದ. ಯಜಮಾನರು ಹೋದ ಮೇಲೆ ನಾನು ಆ ಗುಡಿಯ ಒಳಗೆ ಕಾಲಿಟ್ಟಿರಲಿಲ್ಲ. ಅವನನ್ನು ಚಪ್ಪಲಿಯ ಹತ್ತಿರ ನಿಲ್ಲಿಸಿ ಸಾಲಿನಲ್ಲಿ ಸೇರಿಕೊಂಡೆ. ಸಾಲು ಸಣ್ಣದಿತ್ತು. ಎದುರಿಗೆ ರಂಗಪ್ಪ, ತುಳಸಿಮಾಲೆ, ದೀಪ. ಬೇಡಿಕೊಳ್ಳಲು ನೋಡಿದೆ. ಆಂಬುಲೆನ್ಸಿನಲ್ಲಿ ಹೇಳಿದ ಮಾತುಗಳು ನೆನಪಿದ್ದವು, ಅವುಗಳನ್ನೇ ಹೇಳಿದೆ. ಕಾಪಾಡಪ್ಪ, ಕಾಪಾಡಪ್ಪ ಎಂದು. ಅಂಗಡಿಯವನು ಸಾಮಾನಿನ ಹೆಸರು ಹೇಳಿದ ಹಾಗೆ ಬಂತು. ಎದೆಯಲ್ಲಿ ಏನೂ ಅಲುಗಲಿಲ್ಲ. ನನ್ನ ಹತ್ತಿರ ಬೇರೆ ಏನೂ ಇಲ್ಲ, ಇಷ್ಟೇ ಇದೆ, ತಗೋ ಎಂದೆ.

ಆಗ ಫೋನು ಬಡಿದುಕೊಂಡಿತು. ಗರ್ಭಗುಡಿಯ ಮುಂದೆ ಆ ಸದ್ದಿಗೆ ಎಲ್ಲರೂ ತಿರುಗಿದರು. ಅದೇ ಹೊರದೇಶದ ನಂಬರು. ನಾಚಿಕೆಯಾಗಿ ಕರೆಯನ್ನು ಕತ್ತರಿಸಲು ಬೆರಳಿಟ್ಟೆ. ಬೆರಳು ಹಸಿರು ಗುಂಡಿಯ ಮೇಲೆ ಜಾರಿತು. ಒಬ್ಬ ಹೆಂಗಸಿನ ದನಿ ಕೇಳಿಸಿತು, ತಮಿಳು.

"ಅಮ್ಮಾ, ಫೋನ ವೆಚ್ಚಿರಾದೀಂಗ. ಉಂಗ ಪೊಣ್ಣು ಎನ್ ವೀಟ್ಲ ಇರುಕ್ಕು."

ಫೋನ್ ಇಡಬೇಡಿ, ನಿಮ್ಮ ಮಗಳು ನನ್ನ ಮನೆಯಲ್ಲಿದ್ದಾಳೆ ಎನ್ನುತ್ತಿದ್ದರು. ನಾನು ಹೊರಗೆ ಬಂದು ಕಲ್ಲುಕಂಬಕ್ಕೆ ಒರಗಿ ಕೂತೆ. ಅವರ ಹೆಸರು ಲೆಚ್ಚುಮಿ, ನನಗಿಂತ ದೊಡ್ಡವರು. ಅಜ್ಜನ ಕಾಲದಲ್ಲಿ ನಮ್ಮ ಕಡೆಯಿಂದಲೇ ರಬ್ಬರ್ ತೋಟದ ಕೂಲಿಗೆಂದು ಹೋದ ಕುಟುಂಬ. ಮಗನನ್ನು ವಿಮಾನ ಹತ್ತಿಸಿ ಮಲಾಕ್ಕಾಗೆ ಹಿಂತಿರುಗುವ ಬಸ್ಸಿನಲ್ಲಿ ಅವರಿಗೆ ಸಿಕ್ಕ ಸೀಟು ತುಳಸಿಯ ಪಕ್ಕದ್ದು. ಕುತ್ತಿಗೆಯ ಕಾರ್ಡು ನೋಡಿದರಂತೆ. ಅವರ ಸತ್ತುಹೋದ ತಂಗಿಗೂ ಕಿವಿ ಕೇಳುತ್ತಿರಲಿಲ್ಲವಂತೆ. ಮನೆಯಲ್ಲಿ ಮಾತಾಡುತ್ತಿದ್ದ ಕೈಸನ್ನೆಯಲ್ಲೇ ಇವಳನ್ನು ಮಾತಾಡಿಸಿದರಂತೆ. ಅರ್ಧ ಹೊಂದಿತು, ಅರ್ಧ ಇಲ್ಲ, ಅಷ್ಟು ಸಾಕಾಯಿತು. ನಿಮ್ಮ ಮಗಳು ನನ್ನ ಪಕ್ಕದಲ್ಲೇ ಇದ್ದಾಳೆ ಎಂದು ಹೇಳಲು ಬಸ್ಸಿನಿಂದ ನನಗೆ ಎರಡು ಸಲ ಫೋನ್ ಮಾಡಿದರು. ನಾನು ಎತ್ತಲಿಲ್ಲ. ಹುಡುಗಿಯನ್ನು ಲಾಡ್ಜಿಗೆ ತಾವೇ ಬಿಡಲು ಹೋದರು. ಅಲ್ಲಿ ಕೋಣೆ ಕೊಡದಿದ್ದಾಗ ಮನೆಗೆ ಕರೆದುಕೊಂಡು ಬಂದರು.

ಆಮೇಲೆ ವೀಡಿಯೊ ಕರೆ ಮಾಡಿದರು. ತುಳಸಿ ಒಂದು ಅಡಿಗೆಮನೆಯಲ್ಲಿ, ಹಳದಿ ಗೋಡೆಯ ಮುಂದೆ ಕೂತಿದ್ದಳು. ಮೂಗು ಮುಟ್ಟಿಕೊಂಡಳು. ಊಟ ಆಯಿತು ಎಂದು ಕೈ ಬಾಯಿಗೆ ತಂದು ತೋರಿಸಿದಳು. ಕೆನ್ನೆಯ ಮೇಲೆ ಬೆರಳು ಇಳಿಸಿ, ಅಳುತ್ತಿದ್ದೀಯಾ ಎಂದು ಕೇಳಿದಳು. ಇಲ್ಲ ಎಂದೆ. ನಿಜಕ್ಕೂ ಅಳುತ್ತಿರಲಿಲ್ಲ. ನನ್ನ ಹಿಂದೆ ನಿಂತು ನೋಡುತ್ತಿದ್ದ ರಂಗಸಾಮಿ ಅಳುತ್ತಿದ್ದ. ಮನೆಗೆ ಹೋಗಿ ಮಲಗಿದೆ. ಎಷ್ಟೋ ತಿಂಗಳ ಮೇಲೆ ಬೆಳಗಿನವರೆಗೆ ಎಚ್ಚರವಾಗಲಿಲ್ಲ.

ಮರುದಿನ ಮಧ್ಯಾಹ್ನ ಕೋಚ್ ಸಾರ್ ಬಂದು ಸೇರಿದರು. ತುಳಸಿಗೆ ಪದಕ ಬರಲಿಲ್ಲ, ನಾಲ್ಕನೆಯವಳಾದಳು. ತಿರುಚ್ಚಿಯಲ್ಲಿ ಇಳಿದು ಬರುವಾಗ ಚೀಲದ ತುಂಬ ಲೆಚ್ಚುಮಿ ಅಕ್ಕ ಕಟ್ಟಿಕೊಟ್ಟ ಮುರುಕು ಇತ್ತು. ಬಸ್ಸಿನಲ್ಲಿ ಕಾಂಗೇಯದವರೆಗೂ ಅವಳ ಕೈ ಸುಮ್ಮನಿರಲಿಲ್ಲ, ಅಷ್ಟು ಮಾತು.

ನಾನು ಯೋಚಿಸಿದ್ದು ಇಷ್ಟು. ಗಂಡನಿಗಾಗಿ ನಾನು ಇಡೀ ಜೀವ ಹಿಡಿದು ಬೇಡಿದೆ, ಸಿಗಲಿಲ್ಲ. ಯಾಕೆ ಎಂದು ನನಗೆ ಇವತ್ತಿಗೂ ತಿಳಿಯದು, ತಿಳಿದ ಹಾಗೆ ಬರೆಯಲಾರೆ. ಮಗಳಿಗಾಗಿ ಬೇಡುವಾಗ ನನ್ನಲ್ಲಿ ಮನಸ್ಸೇ ಇರಲಿಲ್ಲ. ಆದರೆ ನಾನು ಸಾಲಿನಲ್ಲಿ ನಿಲ್ಲುವುದಕ್ಕೆ ಎಷ್ಟೋ ಹೊತ್ತು ಮುಂಚೆ ರಂಗಪ್ಪ ಅವಳ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಯಾಗಿತ್ತು. ಉತ್ತರ ಬಂದು ನನ್ನ ಮಡಿಲಲ್ಲೇ ಬಡಿದುಕೊಳ್ಳುತ್ತಿತ್ತು. ಲೆಚ್ಚುಮಿ ಅಕ್ಕ ದೇವರಲ್ಲ, ಮಂಡಿನೋವಿರುವ ಒಬ್ಬ ಹೆಂಗಸು. ಆದರೆ ಆ ಬಸ್ಸಿನಲ್ಲಿ ಆ ಸೀಟು ಅವರಿಗೇ ಯಾಕೆ ಸಿಕ್ಕಿತು? ಮನಸ್ಸಿಟ್ಟು ಬೇಡಿದರೆ ಮಾತ್ರ ಅವನಿಗೆ ಕೇಳಿಸುತ್ತದೆ ಎಂದು ನಾನು ಇನ್ನು ಯಾರಿಗೂ ಹೇಳುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಎದೆ ಕಲ್ಲಾಗಿದ್ದರೆ, ಕಲ್ಲಾಗಿರುವಾಗಲೇ ಹೋಗಿ ಅವನ ಮುಂದೆ ನಿಲ್ಲಿ. ನನಗೆ ಈಗಲೂ ಎಷ್ಟೋ ದಿನ ಹಾಗೇ ಇರುತ್ತದೆ. ಆದರೂ ಹೋಗುತ್ತೇನೆ.

ಬರುವ ತೈ ತಿಂಗಳಲ್ಲಿ, ಸಂಕ್ರಾಂತಿಯ ಹೊತ್ತಿಗೆ, ಲೆಚ್ಚುಮಿ ಅಕ್ಕ ನಮ್ಮ ಮನೆಗೆ ಬರುತ್ತಾರೆ. ಅವರೂ ಇದುವರೆಗೆ ಸಮುದ್ರ ದಾಟಿದವರಲ್ಲ. ಅವರ ಬಸ್ಸು, ಕೋಣೆ ಎಲ್ಲವನ್ನೂ ತುಳಸಿಯೇ ನೋಡಿಕೊಳ್ಳುತ್ತಿದ್ದಾಳೆ. ಶನಿವಾರ ಶನಿವಾರ ನಾನು ಕಾರಮಡೆಯಲ್ಲಿ ಅರ್ಚನೆ ಮಾಡಿಸುತ್ತೇನೆ. ಯಜಮಾನರು ಇದ್ದಾಗ ಮೊದಲು ಅವರ ಹೆಸರು ಹೇಳಿಸಿ, ಆಮೇಲೆ ಮಗಳ ಹೆಸರು ಹೇಳಿಸುತ್ತಿದ್ದೆ. ಈಗ ಆ ಮೊದಲ ಜಾಗದಲ್ಲಿ ಲೆಚ್ಚುಮಿ ಅಕ್ಕನ ಹೆಸರು ಹೇಳುತ್ತೇನೆ. ನಕ್ಷತ್ರ ಯಾವುದಮ್ಮಾ ಎಂದು ಅರ್ಚಕರು ಕೇಳಿದರು. ಅಕ್ಕನಿಗೇ ಅದು ಗೊತ್ತಿಲ್ಲ. ಹಾಗಾದರೆ ಸ್ವಾಮಿಯ ನಕ್ಷತ್ರವನ್ನೇ ಹೇಳುತ್ತೇನೆ ಎಂದು ಅವರು ಹೂವು ತೆಗೆದುಕೊಂಡು ಒಳಗೆ ಹೋದರು.