ಬೆನೀಗ್ನಾಳ ಬೋಳು ಕುರಿಗಳು

ನನ್ನ ನಾದಿನಿ ಬೆನೀಗ್ನಾ ಊಟಕ್ಕೆ ಕೂತರೂ ಬಾಗಿಲಿಗೇ ಮುಖ ಮಾಡಿ ಕೂರುವ ಹೆಂಗಸು. ಹನ್ನೊಂದನೇ ವಯಸ್ಸಿನಿಂದ ಅವಳದು ಒಂದೇ ಬದುಕು. ನವೆಂಬರಿನಲ್ಲಿ ಆಲ್ಬರಸೀನ್ ಬೆಟ್ಟಗಳಿಂದ ಕುರಿ ಹೊಡೆದುಕೊಂಡು ಇಪ್ಪತ್ತೈದು ದಿನ ದಕ್ಷಿಣಕ್ಕೆ, ಸಿಯೆರ್ರಾ ಮೊರೇನಾದ ಬೆಚ್ಚನೆ ಹುಲ್ಲಿಗೆ. ಮೇ ಮುಗಿಯುವಾಗ ಅದೇ ದಾರಿಯಲ್ಲಿ ವಾಪಸ್ಸು. ಹೇಸರಗತ್ತೆಯ ಮೇಲೆ ಪಾತ್ರೆ ಪಡಗ ಹೇರಿಕೊಂಡು ಹಿಂದೆ ಹೋಗುತ್ತಿದ್ದ ಅಡುಗೆಯವನು ನಾನು. ಅವಳನ್ನು ಮದುವೆಗೆ ಇಬ್ಬರು ಕೇಳಿಕೊಂಡು ಬಂದಿದ್ದರು. "ವರ್ಷಪೂರ್ತಿ ಒಂದೇ ಮನೇಲಿರೋಕೆ ನಾನೇನು ಗೋಡೆನಾ?" ಎಂದು ಕಳಿಸಿದಳು.

ಅಪ್ಪ ಸತ್ತ ಮೇಲೆ ಮಂದೆ ಅವಳ ತಮ್ಮ ಕಾಸ್ತೋನ ಕೈಗೆ ಬಂತು. ಅವನು ಲಾರಿ ತರಿಸಿದ. ಇಪ್ಪತ್ತೈದು ದಿನದ ದಾರಿ ಒಂದೇ ದಿನಕ್ಕೆ ಮುಗಿಯಿತು. ಲಾರಿಯ ಸೆಕೆಗೆ ಕುರಿ ಸಾಯದಿರಲೆಂದು, ಹೊರಡುವ ಮುಂಚೆ ದಕ್ಷಿಣದಲ್ಲೇ ಉಣ್ಣೆ ಕತ್ತರಿಸುವುದು ರೂಢಿಯಾಯಿತು. ಹೀಗೆ ಒಂಬತ್ತು ವರ್ಷ. ಬೆನೀಗ್ನಾ ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ ತಿರುಗುತ್ತಲೇ ಇದ್ದಳು. "ಕೂತ್ಕೊಳ್ಳೇ ಮಾರಾಯ್ತಿ, ನೆಲ ಸವೀತಿದೆ," ಎಂದು ನನ್ನ ಹೆಂಡತಿ ಗೊಣಗುತ್ತಿದ್ದಳು.

ಕಡೆಗೆ, ಮಂದೆಯನ್ನು ನಡೆಸಿಯೇ ಒಯ್ಯಬೇಕೆಂಬ ಅವಳ ಕಾಟ ತಾಳಲಾರದೆ ಕಾಸ್ತೋ ಒಂದು ಷರತ್ತು ಹಾಕಿದ.

"ಒಂದು ಸಲ ನಡೆಸ್ಕೊಂಡು ಬಾ ಅಕ್ಕ. ಕುರಿ ಮೈತುಂಬ್ಕೊಂಡು ಬೆಟ್ಟ ಸೇರಿದ್ರೆ ಮುಂದಕ್ಕೂ ನಡೆಸು. ಬಡಕಲಾಗಿ ಬಂದ್ರೆ ಮಂದೆ ಮಾರ್ತೀನಿ. ಆಮೇಲೆ ನನ್ನ ಬಯ್ಬಾರ್ದು."

"ಬಯ್ಯೋದು ಬಿಡಲ್ಲ. ಕುರಿ ಕೊಡು."

ಮೇ ಕೊನೆಗೆ ದಕ್ಷಿಣದಿಂದ ಹೊರಟೆವು. ಒಂಬೈನೂರು ಕುರಿ. ಬೋಳಿಸಿದರೆ ಹಗುರಾಗಿ ನಡೆಯುತ್ತವೆ ಎಂದು ರೂಢಿಯಂತೆ ಕತ್ತರಿ ಹಿಡಿದು ಮೆರೆದವನು ನಾನೇ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ಎಂಟನೇ ದಿನ ಓಲ್ಮೆದಾದ ತಂಗುಬಯಲು ತಲುಪಿದೆವು. ಹಿಂದೆ ಅಲ್ಲಿ ಕಾಲಿಟ್ಟಲ್ಲೆಲ್ಲ ಕರೆತೋನ್ ಹುಲ್ಲು. ಮೂರೆಲೆ, ಸುರುಳಿ ಕಾಯಿ, ಕಾಯಿಗೆ ಸಣ್ಣ ಮುಳ್ಳು. ಉಣ್ಣೆಗೆ ಅಂಟಿದರೆ ಸುಲಭಕ್ಕೆ ಬಿಡದು. ಉಣ್ಣೆ ವ್ಯಾಪಾರಿಗಳು ಅದಕ್ಕೆ ಶಾಪ ಹಾಕುತ್ತಿದ್ದರು, ಕುರಿಗಳಿಗೆ ಮಾತ್ರ ಅದು ಮೃಷ್ಟಾನ್ನ. ಈಗ ನೋಡಿದರೆ ಕಲ್ಲು, ಒಣ ಮುಳ್ಳುಗಿಡ. ಮುಂದಿನ ತಂಗುಬಯಲೂ ಹಾಗೇ. ಅದರ ಮುಂದಿನದೂ ಹಾಗೇ.

ಬೆನೀಗ್ನಾ ಒಂದು ಕುರಿಯ ಬೋಳು ಬೆನ್ನಿನ ಮೇಲೆ ಕೈಯಾಡಿಸಿದಳು.

"ಬೆಟ್ಟ ಸೇರೋವರ್ಗೂ ಅಪ್ಪ ಯಾಕೆ ಉಣ್ಣೆ ತೆಗೀತಿರ್ಲಿಲ್ಲ ಭಾವ?"

"ವ್ಯಾಪಾರಿ ಅಲ್ಲಿಗೇ ಬರ್ತಿದ್ದ, ಅದಕ್ಕೆ."

"ನಾನೂ ಹಂಗೇ ಅಂದ್ಕೊಂಡಿದ್ದೆ. ಒಂದು ಬಯಲಲ್ಲಿ ಉಣ್ಣೆಗೆ ಕಾಯಿ ಅಂಟಿಸ್ಕೊಂಡು ಇನ್ನೊಂದರಲ್ಲಿ ಬೀಜ ಉದುರಿಸ್ತಿದ್ವು ಇವು. ಒಂಬತ್ತು ವರ್ಷ ನಾವು ಈ ಕಡೆ ತಲೆ ಹಾಕ್ಲಿಲ್ಲ. ಈಗ ಬಂದಿದೀವಿ, ಬೋಳಿಸ್ಕೊಂಡು. ನೆಂಟರ ಮನೆಗೆ ಬರಿಗೈಲಿ ಬಂದಂಗೆ."

ನನಗೆ ನಾಚಿಕೆಯಾಯಿತು. ಕತ್ತರಿಯನ್ನು ಹೇಸರಗತ್ತೆಯ ಚೀಲದ ತಳಕ್ಕೆ ತುರುಕಿದೆ.

ಬೆಟ್ಟ ಸೇರಿದಾಗ ಕುರಿಗಳ ಪಕ್ಕೆಲುಬು ಎಣಿಸಬಹುದಿತ್ತು. ಕಾಸ್ತೋ ಮಾತಿಗೆ ತಪ್ಪಲಿಲ್ಲ, ಮಾರಿದ. ಮಾರುವಾಗ ಅವನ ಮುಖವೂ ಸಪ್ಪಗಿತ್ತು. ಹಲ್ಲು ಸವೆದವೆಂದು ಕೊಳ್ಳುವವನು ಬಿಟ್ಟುಹೋದ ನಲವತ್ತು ಮುದಿ ಕುರಿಗಳಷ್ಟೇ ಅಕ್ಕನಿಗೆ ಉಳಿದವು.

ಆ ಬೇಸಿಗೆಯೆಲ್ಲ ಅವಳು ಊರ ಸುತ್ತ ಕರೆತೋನ್ ಒಣಗಿ ನಿಂತ ಕಡೆಯೇ ಮೇಯಿಸಿದಳು. "ಕುರಿ ಮೇಯಿಸ್ತಿದೀಯೋ ಮುಳ್ಳು ಸಾಕ್ತಿದೀಯೋ?" ಎಂದು ಜನ ಆಡಿಕೊಂಡರು. ನವೆಂಬರಿಗೆ ಬೆಳೆದ ಗಿಡ್ಡ ಉಣ್ಣೆಯ ತುಂಬ ಕಾಯಿಗಳೇ. ಹೊರಟೆವು.

ಓಲ್ಮೆದಾದಲ್ಲಿ ಅವಳು ಇಡೀ ದಿನ ಮಂದೆ ನಿಲ್ಲಿಸಿದಳು. ನನಗೆ ರೇಗಿತು.

"ಗುಡ್ಡದಾಚೆ ಕೂಳೆ ಹೊಲ ಇದೆ. ಇಲ್ಲಿ ಹಸ್ಕೊಂಡು ಸಾಯ್ತವೆ ಕಣೇ."

"ಇವತ್ತು ಇವು ತಿನ್ನೋಕೆ ಬಂದಿಲ್ಲ ಭಾವ."

ಕುರಿಗಳನ್ನು ಮಲಗಿಸಿದಳು, ಎಬ್ಬಿಸಿದಳು, ಆ ಮೂಲೆಯಿಂದ ಈ ಮೂಲೆಗೆ ಓಡಾಡಿಸಿದಳು. ಸಂಜೆಗೆ ಒಂದು ಮುದಿ ಕುರಿ ಮಲಗಿದ್ದು ಏಳಲೇ ಇಲ್ಲ. ಅವಳು ಅತ್ತಳು. ಆದರೂ ಮಾರನೆಯ ಬೆಳಗಿನವರೆಗೆ ಜಗ್ಗಲಿಲ್ಲ.

ಮೇ ಕೊನೆಯಲ್ಲಿ ಹಿಂದಿರುಗುವಾಗ ನೋಡಿದೆವು. ಎರಡು ಕಂಬಳಿ ಹಾಸುವಷ್ಟು ಜಾಗದಲ್ಲಿ ಕರೆತೋನ್ ಎದ್ದಿತ್ತು. ಒಲೆ ಹೂಡಿ, ಬೆಳ್ಳುಳ್ಳಿ ಹಾಕಿ ನಾನು ರೊಟ್ಟಿಚೂರು ಹುರಿಯತೊಡಗುವಷ್ಟರಲ್ಲಿ ಕುರಿಗಳು ಅದನ್ನು ಮೇಯ್ದು, ಹೊರಳಾಡಿ, ತಲೆಯೆತ್ತಿ ನೋಡುತ್ತಿದ್ದವು.

"ಇಷ್ಟೇನಾ?" ಎಂದಳು. ಸಿಟ್ಟು ಬಂದಿತ್ತು ಅವಳಿಗೆ.

"ಬಯಲು ತುಂಬೋಕೆ ಹತ್ತು ವರ್ಷ ಬೇಕು. ನಿನಗೀಗ ಅರವತ್ತೆಂಟು, ನನಗೆ ಎಪ್ಪತ್ಮೂರು," ಎಂದೆ.

ಅವಳು ಬೆರಳು ಮಡಚಿ ಮಡಚಿ ಎಣಿಸಿದಳು.

"ಹಂಗಿದ್ಮೇಲೆ ಇನ್ನೂ ಕೂತಿದೀರಲ್ಲ ಭಾವ. ಏಳಿ."

ಬಾಣಲೆಯಲ್ಲಿದ್ದದ್ದು ಅರ್ಧ ಮಾತ್ರ ಹುರಿದಿತ್ತು. ಹಾಗೇ ಬಟ್ಟೆಗೆ ಸುರಿದುಕೊಂಡು ಎದ್ದೆ.