ಮಂಡ್ಯ ಬಂದಾಗ ಎಬ್ಬಿಸುವವರು

ನನ್ನ ಗಂಡನಿಗೆ ಕಾಯಿಲೆ ಎಂದು ಮೊದಲು ಗೊತ್ತಾದದ್ದು ನನಗಲ್ಲ. ಮೈಸೂರಿನಿಂದ ಹೊರಡುವ ಬೆಳಗಿನ ಪ್ಯಾಸೆಂಜರ್ ಗಾಡಿಯ ಮೂರನೇ ಬೋಗಿಯವರಿಗೆ.

ಇವರ ಹೆಸರು ವಿನ್ಸೆಂಟ್. ಮಂಡ್ಯದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಇಪ್ಪತ್ತಮೂರು ವರ್ಷ ಮೈಸೂರಿನ ಹಿನಕಲ್‌ನ ನಮ್ಮ ಮನೆಯಿಂದ ಹೊರಟು ಅದೇ ಗಾಡಿಯಲ್ಲಿ ಹೋಗಿ, ಸಂಜೆಯ ಗಾಡಿಯಲ್ಲಿ ವಾಪಸಾದವರು. ಮಂಡ್ಯದಲ್ಲಿ ಮನೆ ಮಾಡುವ ಮಾತು ನಮ್ಮಲ್ಲಿ ಬರಲೇ ಇಲ್ಲ. ಗಾಡಿ ಇತ್ತಲ್ಲ. ನನ್ನ ಹೊಲಿಗೆ ಕೆಲಸ, ಮಗಳು ರೀನಾಳ ಓದು, ಭಾನುವಾರದ ಚರ್ಚು, ಎಲ್ಲವೂ ಮೈಸೂರಿನಲ್ಲೇ ಉಳಿದದ್ದು ಆ ಒಂದು ಗಾಡಿಯ ದೆಸೆಯಿಂದ.

ಆ ಬೋಗಿಗೆ ಅದರದ್ದೇ ಕಟ್ಟಳೆಗಳಿದ್ದವು. ಮೊದಲು ಹತ್ತಿದವರು ಕರ್ಚೀಫು ಹಾಕಿ ಉಳಿದವರಿಗೆ ಸೀಟು ಹಿಡಿಯಬೇಕು. ಯಾರಾದರೂ ನಿದ್ದೆ ಹೋದರೆ ಅವರ ಊರು ಬಂದಾಗ ಪಕ್ಕದವರು ಎಬ್ಬಿಸಬೇಕು. ಇನ್ನೊಂದು, ಗಾಡಿಯ ವಿಷಯವನ್ನು ಯಾರ ಮನೆಗೂ ಒಯ್ಯಬಾರದು. ಇಸ್ಪೀಟು ಆಡುವವರು, ಸಂಜೆ ಒಂದು ಗುಟುಕು ಏರಿಸಿ ಬರುವವರು, ಹೆಂಡತಿಯ ಮೇಲೆ ಮುನಿಸಿಕೊಂಡು ತಿಂಡಿ ಬಿಟ್ಟು ಬಂದವರು, ಎಲ್ಲರ ಗುಟ್ಟೂ ಬೋಗಿಯೊಳಗೇ ಇರುತ್ತಿತ್ತು.

ಇವರ ಗುಟ್ಟೂ ಹಾಗೆಯೇ ಉಳಿಯಿತು.

ಪುಟ್ಟಸ್ವಾಮಿ ಮೇಷ್ಟ್ರು ಎಂದು, ಮಂಡ್ಯದ ಹೈಸ್ಕೂಲಿನವರು, ವರ್ಷಗಟ್ಟಲೆ ಇವರ ಪಕ್ಕದಲ್ಲೇ ಕೂತವರು. ಒಂದು ದಿನ ಮಂಡ್ಯ ಬಂದರೂ ಇವರು ಏಳಲಿಲ್ಲವಂತೆ. ಕಣ್ಣು ಬಿಟ್ಟೇ ಇದ್ದರಂತೆ. ಮೇಷ್ಟ್ರು ಮೊದಲು ತಮಾಷೆ ಅಂದುಕೊಂಡರು. ಆಮೇಲೆ ಬಿಪಿ ಮಾತ್ರೆಯ ಮಂಪರು ಅಂದುಕೊಂಡರು. ಕೆಲವು ತಿಂಗಳಾದ ಮೇಲೆ ದಿನಾ ಕೈ ಹಿಡಿದು ಇಳಿಸತೊಡಗಿದರು. ಕೊನೆಕೊನೆಗೆ ಕಚೇರಿಯ ಗೇಟಿನವರೆಗೂ ಬಿಟ್ಟು ಬರುತ್ತಿದ್ದರು. ಮನೆಯಲ್ಲಿ ನನಗೆ ಕಂಡದ್ದು ಇಷ್ಟೇ: ಸಾರಿಗೆ ಎರಡು ಸಲ ಉಪ್ಪು ಹಾಕಿಕೊಳ್ಳುವುದು, ಜೋಡಿ ತಪ್ಪಿದ ಚಪ್ಪಲಿ. ವಯಸ್ಸಾಯಿತು ನಿಮಗೆ ಎಂದು ಗೇಲಿ ಮಾಡಿ ನಕ್ಕಿದ್ದೆ. ಆ ನಗು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮೇಷ್ಟ್ರು ತಮ್ಮನ ಮನೆಯ ಗೃಹಪ್ರವೇಶಕ್ಕೆ ರಜೆ ಹಾಕಿ, ಇವರ ಪಕ್ಕ ಯಾರೋ ಹೊಸಬರು ಕೂತ ದಿನ ಮಧ್ಯಾಹ್ನ ನನಗೆ ಫೋನ್ ಬಂತು.

ಇವರು ಬೆಂಗಳೂರಿನಲ್ಲಿದ್ದರು.

ಎಲ್ಲರೂ ಇಳಿದು ಹೋದ ಗಾಡಿಯಲ್ಲಿ ಟಿಫಿನ್ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ. ಯಾಕೆ ಇಳಿಯಲಿಲ್ಲ ಎಂದು ರೈಲ್ವೆ ಪೊಲೀಸರು ಕೇಳಿದ್ದಕ್ಕೆ, ಮಂಡ್ಯ ಬಂದಾಗ ಎಬ್ಬಿಸ್ತಾರೆ ಅಂದರಂತೆ.

ಎಂಆರ್‌ಐ ಆಯಿತು. ರಕ್ತ ಪರೀಕ್ಷೆಗಳಾದವು. ವಿಷಯ ತಿಳಿದ ಮೇಷ್ಟ್ರು ಆಸ್ಪತ್ರೆಗೆ ತಾವಾಗಿಯೇ ಬಂದಿದ್ದರು. ಡಾಕ್ಟರು ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಹದಿನೈದು ದಿನ ಇರಬಹುದು ಅಂದೆ.

ಹಿಂದೆ ನಿಂತಿದ್ದ ಮೇಷ್ಟ್ರು ಕೆಮ್ಮಿದರು. "ಒಂದ್ವರ್ಷ ಆಯ್ತು ಸರ್."

ನಾನು ತಿರುಗಿ ಅವರನ್ನು ನೋಡಿದೆ.

ಡಿಮೆನ್ಷಿಯಾ. ಐವತ್ತಾರಕ್ಕೇ. ಮೊದಲೇ ಬಂದಿದ್ದರೂ ಮಾತ್ರೆಗಳು ಕಾಯಿಲೆಯನ್ನು ನಿಲ್ಲಿಸುತ್ತಿರಲಿಲ್ಲ, ಸ್ವಲ್ಪ ತಡೆಯುತ್ತಿದ್ದವು ಅಷ್ಟೇ ಅಂದರು ಡಾಕ್ಟರು. ಸ್ವಲ್ಪ ಅಂದರೆ ಎಷ್ಟು ಎಂದು ನಾನು ಕೇಳಲಿಲ್ಲ. ಹೊರಗೆ ಬಂದ ಮೇಲೆ ಮೇಷ್ಟ್ರು, "ತಪ್ಪಾಗ್ಬುಡ್ತು ಅಕ್ಕ. ಗೊತ್ತಾದ್ರೆ ಕೆಲ್ಸ ಓಯ್ತದೆ, ಮನೇಲಿ ಗಾಬರಿ ಆಯ್ತಾರೆ ಅಂತ ಸುಮ್ಕಿದ್ಬುಟ್ಟೆ" ಅಂದರು. ನಾನು ಅವರ ಮುಖ ನೋಡದೆ ಆಟೋ ಹತ್ತಿದೆ.

ಕೆಲಸ ಬಿಡಿಸಬೇಕಾಯಿತು. ಆದರೆ ಮೈಗೆ ಅದು ಗೊತ್ತಾಗಲಿಲ್ಲ. ಐದು ಗಂಟೆಗೆ ಎದ್ದು, ಶರ್ಟು ಇನ್ ಮಾಡಿ, ಬ್ಯಾಗು ಹಿಡಿದು ಗೇಟಿನಲ್ಲಿ ನಿಲ್ಲುತ್ತಿದ್ದರು. ತಡೆದರೆ ಸಿಟ್ಟು. ಒಂದು ಬೆಳಿಗ್ಗೆ ಟಿಫಿನ್ ಡಬ್ಬಿ ಬೀಸಿದರು. ನನ್ನ ಹುಬ್ಬಿಗೆ ಮೂರು ಹೊಲಿಗೆ ಬಿತ್ತು. ಇರುವೆಯನ್ನೂ ತುಳಿಯದೆ ದಾಟಿಕೊಂಡು ಹೋಗುತ್ತಿದ್ದ ಮನುಷ್ಯ. ರೀನಾ ಅತ್ತುಕೊಂಡೇ ಮಂಡಕಳ್ಳಿ ಕಡೆ ಇಂಥವರನ್ನು ನೋಡಿಕೊಳ್ಳುವ ಒಂದು ಹೋಮಿನ ಅರ್ಜಿ ತಂದುಕೊಟ್ಟಳು. ಇವರನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತದೋ ಇಲ್ಲವೋ, ಆಗ ನನ್ನ ತಲೆಯಲ್ಲಿದ್ದದ್ದು ಅದೊಂದೇ.

ಮೇಷ್ಟ್ರು ಮನೆಗೆ ಬಂದರು. ಬಾಗಿಲಲ್ಲೇ ನಿಂತು, "ಅವ್ರನ್ನ ಗಾಡೀಗೆ ಕರ್ಕೊಂಡ್ಬನ್ನಿ ಅಕ್ಕ. ಸೀಟ್ ನಾನು ಇಡ್ದಿರ್ತೀನಿ" ಅಂದರು.

ಮೊದಲು ಬಸ್ಸಿನಲ್ಲಿ ಪ್ರಯತ್ನ ಮಾಡಿದೆ. ಮೇಷ್ಟ್ರ ಮಾತು ಕೇಳಬಾರದೆಂಬ ಹಟ ನನಗೆ. ಶ್ರೀರಂಗಪಟ್ಟಣ ಮುಟ್ಟುವಷ್ಟರಲ್ಲಿ ಇವರು ಇಳಿಸಿ ಇಳಿಸಿ ಎಂದು ಕೂಗಿ ಕಂಡಕ್ಟರನ ಕಾಲರ್ ಹಿಡಿದಿದ್ದರು. ಮಾರನೆಯ ವಾರ ಇಬ್ಬರಿಗೂ ರೈಲಿನ ಸೀಸನ್ ಪಾಸು ಮಾಡಿಸಿದೆ.

ಗಾಡಿ ಹತ್ತಿದ ಇವರು ಬೇರೆಯೇ ಮನುಷ್ಯ. ಎದ್ದು ಓಡಾಡಲು ಜಾಗವಿದೆ, ಟಾಯ್ಲೆಟ್ ಇದೆ, ಹತ್ತು ನಿಮಿಷಕ್ಕೊಂದು ಊರು ಬಂದು ಕಣ್ಣಿಗೆ ಕೆಲಸ ಕೊಡುತ್ತದೆ. ನಾಗನಹಳ್ಳಿ, ಪಾಂಡವಪುರ, ಯಲಿಯೂರು. ಪರಿಚಯದ ಮುಖಗಳು. ನಾನು ಪಕ್ಕದಲ್ಲಿ ಕೂತು ಗಿರಾಕಿಗಳ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ಮಂಡ್ಯದಲ್ಲಿ ಇಳಿದು, ಪ್ಲಾಟ್‌ಫಾರಂ ಬೆಂಚಿನ ಮೇಲೆ ಚಪಾತಿ ತಿಂದು, ಎದುರು ಬರುವ ಗಾಡಿಯಲ್ಲಿ ವಾಪಸು. ಮನೆಗೆ ಬಂದವರೇ ಡ್ಯೂಟಿ ಮುಗಿಯಿತು ಎಂಬಂತೆ ಶರ್ಟು ಕಳಚಿ ಮಲಗುತ್ತಿದ್ದರು. ಎರಡು ಊರಿನ ನಡುವೆ ಓಡಾಡುವ ಒಂದು ಮಾಮೂಲಿ ಗಾಡಿ ನನ್ನ ಗಂಡನನ್ನು ಮನೆಯಲ್ಲಿ ಉಳಿಸಿಕೊಟ್ಟಿತು. ಅರ್ಜಿಯನ್ನು ಬೀರುವಿನಲ್ಲಿಟ್ಟೆ.

ಅಷ್ಟಾದರೂ ಕಾಯಿಲೆ ತನ್ನ ಪಾಡಿಗೆ ತಾನು ನಡೆದೇ ಇತ್ತು. ಇಸ್ಪೀಟಿನ ಎಲೆಗಳನ್ನು ಉಲ್ಟಾ ಹಿಡಿದರು. ಗುಂಡಿ ಹಾಕುವುದು ಮರೆತರು. ಪ್ಯಾಂಟಿನೊಳಗೆ ಡೈಪರ್ ಬಂತು. ರೀನಾಳ ಹೆಸರು ಹೋಯಿತು. ನನ್ನದು ಹೋಗುವುದಿಲ್ಲ ಎಂದು ನಾನು ಯಾಕೋ ನಂಬಿಕೊಂಡಿದ್ದೆ.

ಹೋಯಿತು.

ಕಳೆದ ತಿಂಗಳ ಎರಡನೇ ಶನಿವಾರ. ಮೇಷ್ಟ್ರಿಗೂ ಉಳಿದವರಿಗೂ ರಜೆ, ಬೋಗಿ ಖಾಲಿ ಖಾಲಿ. ಇವರು ರಾತ್ರಿಯೆಲ್ಲ ಎದ್ದು ಓಡಾಡುತ್ತಿದ್ದರಿಂದ ಹಿಂದಿನ ನಾಲ್ಕು ದಿನ ನಾನು ಕಣ್ಣು ಮುಚ್ಚಿರಲಿಲ್ಲ. ಇವರು ಜೇಬಿನಿಂದ ಕರ್ಚೀಫು ತೆಗೆದು ಪಕ್ಕದ ಸೀಟಿನ ಮೇಲೆ ಹಾಸಿದರು. ಬಾಗಿಲ ಬಳಿ ನಿಂತಿದ್ದ ನನ್ನನ್ನು ನೋಡಿ, "ಬನ್ನಿ ಮೇಡಂ, ಸೀಟಿದೆ. ಎಲ್ಲಿ ಇಳೀಬೇಕು ನೀವು?" ಅಂದರು.

ಮಂಡ್ಯ ಎಂದೆ.

"ನಾನೂ ಅಲ್ಲೇ. ಸುಸ್ತಾದಂಗೆ ಕಾಣ್ತೀರಿ. ಮಲೀಕೊಳ್ಳಿ, ಮಂಡ್ಯ ಬಂದಾಗ ಎಬ್ಬಿಸ್ತೀನಿ."

ನನಗಾಗಿ ಸೀಟು ಹಿಡಿದ ಅಪರಿಚಿತರ ಪಕ್ಕ ಕೂತೆ. ಅಳಬೇಕು ಅಂದುಕೊಂಡೆ. ಅಷ್ಟರಲ್ಲಿ ನಿದ್ದೆ ಬಂದುಬಿಟ್ಟಿತು.

ಎಚ್ಚರವಾದಾಗ ಕಿಟಕಿಯ ಹೊರಗೆ ಮದ್ದೂರಿನ ಬೋರ್ಡು. ಇವರು ನೆಟ್ಟಗೆ ಕೂತಿದ್ದರು. ನನ್ನ ತಲೆ ಇವರ ಭುಜದ ಮೇಲಿತ್ತು. ಮಂಡ್ಯ ಹೋಯಿತಾ ಎಂದು ಕೇಳಿದೆ.

"ಓಯ್ತು. ನೀವು ಚೆನ್ನಾಗಿ ನಿದ್ದೆ ಮಾಡ್ತಿದ್ರಿ. ಎಬ್ಬಿಸೋಕೆ ಮನ್ಸು ಬರ್ಲಿಲ್ಲ ಕಣ್ರೀ."

ಮರೆತದ್ದೋ, ನಿಜವಾಗಿ ಕನಿಕರವೋ, ನನಗೆ ತಿಳಿಯದು. ಮದ್ದೂರಿನಲ್ಲೇ ಇಳಿದು ಚಪಾತಿ ತಿಂದೆವು.

ಬೀರುವಿನ ಅರ್ಜಿಯನ್ನು ಒಂದು ದಿನ ತುಂಬಲೇಬೇಕು. ಇವರ ಕಾಲು ಬೋಗಿಯ ಮೆಟ್ಟಿಲನ್ನು ಈಗಲೇ ತಡವರಿಸಿ ಹುಡುಕುತ್ತದೆ. ಇನ್ನೆಷ್ಟು ತಿಂಗಳು ಹತ್ತಬಲ್ಲರೋ ಡಾಕ್ಟರೂ ಹೇಳಲಾರರು. ಗುಣವಾಗುವ ಮಾತಂತೂ ಇಲ್ಲ.

ಸೋಮವಾರ ಮೇಷ್ಟ್ರಿಗೆ ಮದ್ದೂರಿನ ಕಥೆ ಹೇಳಿದೆ. ತಾವಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅವರು ಪೇಚಾಡಿಕೊಂಡರು. ಎರಡು ವರ್ಷದಿಂದ ಅವರಿಗೆ ಹೇಳದೆ ಇಟ್ಟುಕೊಂಡಿದ್ದ ಮಾತೊಂದು ಆಗ ಬಾಯಿಗೆ ಬಂತು.

"ಬುಡಿ ಮೇಷ್ಟ್ರೇ. ನೀವೂ ಒಂದ್ವರ್ಷ ನನ್ನ ಎಬ್ಬಿಸ್ಲಿಲ್ಲ. ಅಷ್ಟು ದಿನ ನಾನು ಚೆನ್ನಾಗಿ ನಿದ್ದೆ ಮಾಡ್ದೆ."

ಮೇಷ್ಟ್ರು ಕಿಟಕಿಯ ಕಡೆ ಮುಖ ತಿರುಗಿಸಿದರು. ಇವರು ಕರ್ಚೀಫು ತೆಗೆದು ನನಗೆ ಸೀಟು ಬಿಟ್ಟುಕೊಟ್ಟರು.