ಡಿ ಡ್ರೈವ್ ಉಳಿಸಿಕೊಟ್ಟವರು

ಎಣ್ಣೆ ಬೆಲೆ ಕುಸಿದ ವರ್ಷಗಳಲ್ಲಿ, ಕೆಲಸ ಹೋಗಿ ಊರಿಗೆ ಹೊರಟವರು ಮಾರುವ ಮೊದಲು ಎಲ್ಲವನ್ನೂ ಅಳಿಸಿಕೊಡಿ ಎಂದು ಲ್ಯಾಪ್‌ಟಾಪುಗಳನ್ನು ಗಲ್ಫಿನ ಅಲ್ ಖೌದ್‌ನ ಆ ರಿಪೇರಿ ಅಂಗಡಿಗೆ ತರುತ್ತಿದ್ದರು. ಉಡುಪಿ ಕಡೆಯ ಅಂಗಡಿಯವರು ಕನ್ನಡಕವನ್ನು ಹಣೆಗೇರಿಸಿ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: "ಅಳಿಸಿದ್ರೆ ಖಲಾಸ್. ಒಮ್ಮೆ ಆಲೋಚನೆ ಮಾಡಿ."

ನನ್ನ ಹೆಂಡತಿ ತೀರಿಕೊಂಡ ತಿಂಗಳಲ್ಲೇ ನಮ್ಮ ಲ್ಯಾಪ್‌ಟಾಪ್ ಕೆಟ್ಟಿತು. ಅವರಿಗೆ ಹಳೆಯ ಬ್ಯಾಕಪ್ ಕೊಟ್ಟು, "ಇದನ್ನೇ ಹಾಕಿಬಿಡಿ" ಎಂದೆ.

"ಇದು ಇಡೀ ಡಿಸ್ಕಿಂದು ಮಾರಾಯ್ರೆ, ಹೋದ ವರ್ಷದ್ದು. ಹಾಕಿದ್ರೆ ಈಚಿನದ್ದೆಲ್ಲ ಹೋಗ್ತದೆ. ಡಿ ಡ್ರೈವಲ್ಲಿ ಎಂತ ಉಂಟು?"

"ಆಸ್ಪತ್ರೆಯಿಂದ ಹೆಂಡತಿ ಕಳಿಸಿದ ವಾಯ್ಸ್ ಮೆಸೇಜು. ಈಗ ಅವಳಿಲ್ಲ."

ಅವರು ಕೀಬೋರ್ಡಿನಿಂದ ಕೈ ತೆಗೆದರು. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ, ಕಾಣದಾಗಿದ್ದ ಡಿ ಡ್ರೈವನ್ನು ಎರಡು ದಿನ ಹುಡುಕಿ ಮೊದಲು ನಕಲು ಮಾಡಿಕೊಂಡರು. ಬ್ಯಾಕಪ್ ಹಾಕಿದ್ದು ಆಮೇಲೆ.

ಮೂರನೆಯ ದಿನ ಪರದೆಯನ್ನು ನನ್ನತ್ತ ತಿರುಗಿಸಿದರು. "ನಾನು ಯಾವುದನ್ನೂ ತೆರೆದಿಲ್ಲ. ಸರಿ ಕೇಳ್ತದಾ ನೀವೇ ನೋಡಿ. ಚಾ ಕುಡಿದು ಬರ್ತೇನೆ."

ಸದ್ದು ಮಾಡುತ್ತಿದ್ದ ಎಸಿಯನ್ನು ನಿಲ್ಲಿಸಿ, ಬಾಗಿಲೆಳೆದುಕೊಂಡು ಹೋದರು. ನಾನು ಒಂದು ಮೆಸೇಜನ್ನು ಒತ್ತಿದೆ.

"ಮೊಸರು ಫ್ರಿಜ್ಜಲ್ಲಿಡಿ, ಮರೀಬೇಡಿ" ಎಂದಳು ಅವಳು.

ತಲೆಯೆತ್ತಿದೆ. ಗಾಜಿನ ಬಾಗಿಲಿನಾಚೆ ಅವರು ಬೆನ್ನು ತಿರುಗಿಸಿ ಸುಡುಬಿಸಿಲಲ್ಲಿ ನಿಂತಿದ್ದರು. ಕೈಯಲ್ಲಿ ಚಾ ಇರಲಿಲ್ಲ.